ಇಂಡಕ್ಷನ್ ಸ್ಟವ್: ಎಲ್ಲ ಕಂಪನಿಗೂ ಒಂದೇ ಎರರ್ ಕೋಡ್ ಇರಲಿ

ಮಾನ್ಯ ಸಂಪಾದಕರೇ,

ಇಂಡಕ್ಷನ್ ಸ್ಟವ್ ಮಾಡುವ ಕಂಪನಿಗಳಿಗೂ, ಅವುಗಳಿಗೆ ಮಾನದಂಡ ಬರೆಯುವ ಬಿಐಎಸ್‌ನವರಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಿದೆ. ಸ್ಟವ್ ನಿಂತಾಗ ಡಿಸ್‌ಪ್ಲೇ ಮೇಲೆ ಇ1, ಇ3, ಇ6 ಅಂತ ಏನೋ ಮಿಣುಕುತ್ತದಲ್ಲ, ಆ ಕೋಡು ಎಲ್ಲ ಕಂಪನಿಗೂ ಒಂದೇ ಆಗಿರಲಿ. ಅದರ ಅರ್ಥವನ್ನು ಸ್ಟವ್‌ನ ತಳದಲ್ಲಿ ಕನ್ನಡದಲ್ಲಿ ಅಚ್ಚು ಹಾಕಲಿ. ಬೇಡಿಕೆ ಇಷ್ಟೇ.

ನಾನು ತಿಪಟೂರಿನಲ್ಲಿ ಮಿಕ್ಸಿ, ಗ್ರೈಂಡರ್, ಸ್ಟವ್ ರಿಪೇರಿ ಮಾಡುವವನು. ಅಂಗಡಿಗೆ ಬರುವ ಇಂಡಕ್ಷನ್ ಸ್ಟವ್‌ಗಳಲ್ಲಿ ಎಷ್ಟೋ ಕೆಟ್ಟೇ ಇರುವುದಿಲ್ಲ. ಮನೆಯಲ್ಲಿ ಕೋಡು ತೋರಿಸಿ ಕುಯ್ಯೋ ಅಂತ ಬೀಪ್ ಹೊಡೆದ ಸ್ಟವ್, ನನ್ನ ಅಂಗಡಿಯ ಪ್ಲಗ್‌ಗೆ ಹಾಕಿ ಪಾತ್ರೆ ಇಟ್ಟರೆ ಐದು ನಿಮಿಷದಲ್ಲಿ ನೀರು ಕೊತಕೊತ ಕುದಿಸುತ್ತದೆ. ತಂದವರಿಗೆ ಮುಜುಗರ. "ಮನೇಲಿ ನಿಜವಾಗ್ಲೂ ಆಗ್ಲಿಲ್ಲ ಕಣಣ್ಣ" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆ ಸ್ಟವ್ ಕೋಡು ತೋರಿಸಿದ್ದು ತಾನು ಕೆಟ್ಟಿದ್ದೇನೆ ಅಂತಲ್ಲ, ನಿಮ್ಮ ಮನೆಗೆ ಬರುತ್ತಿರುವ ಕರೆಂಟು ಸರಿಯಿಲ್ಲ ಅಂತ.

ನಿಯಮದ ಪ್ರಕಾರ ಮನೆಗೆ 230 ವೋಲ್ಟ್ ಬರಬೇಕು, ಅದರಲ್ಲಿ ಶೇ 6ರಷ್ಟು ಹೆಚ್ಚುಕಡಿಮೆ ಆದರೆ ಅಡ್ಡಿಯಿಲ್ಲ. ಅಂದರೆ ಹತ್ತಿರ ಹತ್ತಿರ 216ರಿಂದ 244. ನಮ್ಮ ಕಡೆ ತೆಂಗಿನ ತೋಟಗಳು, ಅದಕ್ಕೆ ತಕ್ಕ ಹಾಗೆ ಬೋರ್‌ವೆಲ್‌ಗಳು. ತ್ರೀಫೇಸ್ ಕೊಟ್ಟ ಕೂಡಲೇ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ, ಅದೇ ಟ್ರಾನ್ಸ್‌ಫಾರ್ಮರ್‌ನ ಕೊನೆಯ ಕಂಬದ ಮನೆಯಲ್ಲಿ ಮೀಟರ್ ಹಿಡಿದು ನೋಡಿ, 160, 170ಕ್ಕೆ ಇಳಿದಿರುತ್ತದೆ. ಮಧ್ಯರಾತ್ರಿ ಎಲ್ಲರೂ ಆಫ್ ಮಾಡಿದ ಮೇಲೆ ಅದೇ ಲೈನು 250 ದಾಟುವುದೂ ಉಂಟು. ಇಂಡಕ್ಷನ್ ಸ್ಟವ್‌ನಲ್ಲಿ ಇದನ್ನು ನೋಡಿಕೊಳ್ಳುವ ಸರ್ಕ್ಯೂಟ್ ಇರುತ್ತದೆ, ವೋಲ್ಟೇಜ್ ತೀರಾ ಇಳಿದರೆ ಅಥವಾ ತೀರಾ ಏರಿದರೆ ಒಳಗಿನ ಐಜಿಬಿಟಿ (ಕಾಯಿಲ್‌ಗೆ ಕರೆಂಟು ಬಿಟ್ಟು ಕಡಿಯುವ ಸ್ವಿಚ್ಚಿನಂಥ ಭಾಗ) ಸುಟ್ಟುಹೋಗದ ಹಾಗೆ ತಾನೇ ನಿಂತುಕೊಂಡು ಕೋಡು ತೋರಿಸುತ್ತದೆ. ಎಷ್ಟಕ್ಕೆ ನಿಲ್ಲುತ್ತದೆ ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಅದು ಹೇಳಿದ್ದು ಮನೆಯವರಿಗೆ ಅರ್ಥವಾಗಬೇಕಲ್ವಾ?

ಒಂದು ಕಂಪನಿಯಲ್ಲಿ ಇ3 ಅಂದರೆ ವೋಲ್ಟೇಜ್ ಜಾಸ್ತಿ. ಪಕ್ಕದ ಕಂಪನಿಯಲ್ಲಿ ಅದೇ ಇ3 ಅಂದರೆ ಗಾಜಿನ ಕೆಳಗಿನ, ಬಿಸಿ ಅಳೆಯುವ ಸೆನ್ಸರ್ ಹೋಗಿದೆ. ಮತ್ತೊಂದರಲ್ಲಿ ಒಳಗೆ ಬಿಸಿ ಏರಿದೆ ಅಂತ. ಒಂದೇ ಕಂಪನಿಯ ಹಳೆ ಮಾಡೆಲ್‌ಗೂ ಹೊಸ ಮಾಡೆಲ್‌ಗೂ ಹೊಂದುವುದಿಲ್ಲ. ಮಾನ್ಯುವಲ್ ನೋಡಿ ಅನ್ನಬಹುದು. ಅದು ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ, ಮತ್ತು ಸ್ಟವ್ ಬಂದ ವಾರಕ್ಕೇ ಡಬ್ಬದ ಜೊತೆ ಅಟ್ಟ ಸೇರಿರುತ್ತದೆ. ಯೂಟ್ಯೂಬ್ ನೋಡಿಕೊಂಡು ಬೇರೆ ಕಂಪನಿಯ ಕೋಡನ್ನು ತಮ್ಮ ಸ್ಟವ್‌ಗೆ ಹೊಂದಿಸಿಕೊಂಡು ಬರುವವರೂ ಇದ್ದಾರೆ, ಅವರ ಜೊತೆ ವಾದ ಮಾಡುವುದು ಇನ್ನೂ ಕಷ್ಟ.

ಹೋದ ಬೇಸಿಗೆಯಲ್ಲಿ ಹಳ್ಳಿಯಿಂದ ಒಬ್ಬ ತಾಯಿ ಸ್ಟವ್ ತಂದಿದ್ದರು. ಅದಕ್ಕೂ ಮೊದಲು ಜಿಲ್ಲಾ ಕೇಂದ್ರದ ಒಂದು ಸರ್ವೀಸ್ ಸೆಂಟರ್‌ಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿದ್ದರಂತೆ. ಅಲ್ಲಿ ಪ್ಲಗ್‌ಗೂ ಹಾಕದೆ, ಕೋಡು ಯಾವುದು ಅಂತ ಬಾಯಲ್ಲಿ ಕೇಳಿಕೊಂಡು "ಬೋರ್ಡು ಹೋಗಿದೆ, ಹೊಸದು ಹಾಕಬೇಕು, ಅದರ ಬದಲು ಹೊಸ ಸ್ಟವ್ವೇ ತಗೊಳ್ಳಿ" ಅಂದಿದ್ದಾರೆ. ಬೋರ್ಡಿಗೆ ಏನೂ ಆಗಿರಲಿಲ್ಲ. ನಾನು ಬಿಚ್ಚಿದಾಗ ಕಾಯಿಲ್‌ನ ನಡುವೆ, ಬಿಳಿ ಪೇಸ್ಟ್ ಒಣಗಿ ಉದುರಿದ ಜಾಗದಲ್ಲಿ, ಸಾಸಿವೆಗಿಂತ ಸ್ವಲ್ಪ ದಪ್ಪ ಇರುವ ಸೆನ್ಸರ್‌ನ ಒಂದು ಕಾಲು ಮುರಿದು ನಿಂತಿತ್ತು. ಆ ಸೆನ್ಸರ್‌ಗೆ ಮಲ್ಟಿಮೀಟರ್ ಹಿಡಿದರೆ ತಣ್ಣಗಿದ್ದಾಗ ಸಾಮಾನ್ಯವಾಗಿ 100 ಕಿಲೋಓಮ್ ಆಸುಪಾಸು ತೋರಿಸಬೇಕು, ಬೆರಳಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ನಂಬರು ಇಳಿಯುತ್ತಾ ಬರಬೇಕು. ಇದು ಏನೂ ತೋರಿಸಲಿಲ್ಲ. ಹೊಸದು ಹಾಕಿ, ಪೇಸ್ಟ್ ಹಚ್ಚಿ ಕೊಟ್ಟೆ. ಸೆನ್ಸರ್‌ನ ಬೆಲೆ ಒಂದು ಮಸಾಲೆ ದೋಸೆಯಷ್ಟೂ ಇಲ್ಲ. "ಸೆನ್ಸರ್" ಅನ್ನುವ ಒಂದು ಪದ ಸ್ಟವ್ ತಳದಲ್ಲಿ ಬರೆದಿದ್ದರೆ ಆ ತಾಯಿ ಅಲ್ಲೇ ನಿಂತು ಎರಡು ಪ್ರಶ್ನೆ ಕೇಳುತ್ತಿದ್ದರು.

ಉಳಿದ ಕಾರಣಗಳೂ ಹೀಗೇ ಸಣ್ಣವು. ಫ್ಯಾನ್ ಜಾಲರಿಗೆ ಎಣ್ಣೆ ಜಿಡ್ಡು, ಕೂದಲು ಮೆತ್ತಿಕೊಂಡು ಗಾಳಿ ಆಡದೆ ಬಿಸಿಯ ಕೋಡು. ಬೋರ್ಡಿನ ಮೇಲೆ ಜಿರಳೆ ಕರಕಲಾಗಿ ಅಂಟಿಕೊಂಡಿರುವುದು (ಇದನ್ನು ತೋರಿಸಿದರೆ ಯಾರೂ ನಮ್ಮ ಮನೆಯದು ಅಂತ ಒಪ್ಪುವುದಿಲ್ಲ). ಅಲ್ಯೂಮಿನಿಯಂ ಪಾತ್ರೆ ಇಟ್ಟು ಸ್ಟವ್ ಕೆಟ್ಟಿದೆ ಅನ್ನುವವರು ಈಗ ಕಡಿಮೆಯಾಗಿದ್ದಾರೆ, ತಳಕ್ಕೆ ಅಯಸ್ಕಾಂತ ಅಂಟದ ಪಾತ್ರೆ ಅದರ ಮೇಲೆ ನಡೆಯುವುದಿಲ್ಲ ಅಂತ ಜನಕ್ಕೆ ಗೊತ್ತಾಗಿದೆ.

ಪ್ಲಗ್ ವಿಷಯ ಮಾತ್ರ ಬಿಡುವ ಹಾಗಿಲ್ಲ. 2000 ವ್ಯಾಟ್ ಸ್ಟವ್ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ಅದನ್ನು ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್‌ಗೆ, ಅದೂ ಎಕ್ಸ್‌ಟೆನ್ಷನ್ ಬಾಕ್ಸ್ ಮೂಲಕ ಹಾಕಿದರೆ ವೈರು ಬಿಸಿಯಾಗಿ ವೋಲ್ಟೇಜ್ ಅಲ್ಲೇ ಕುಸಿಯುತ್ತದೆ, ಕೋಡು ಬರುತ್ತದೆ. ಸ್ವಿಚ್ ಹಾಕಿದ ಕೂಡಲೇ ಮನೆಯ ಬಲ್ಬ್ ಮಂಕಾದರೆ, ಪ್ಲಗ್‌ನ ಪಿನ್ ಕಂದು ಬಣ್ಣಕ್ಕೆ ತಿರುಗಿದ್ದರೆ ಸ್ಟವ್ ರಿಪೇರಿಯವನ ಹತ್ತಿರ ಬರಬೇಡಿ, ವೈರಿಂಗ್‌ನವರನ್ನು ಕರೆಸಿ. 16 ಆಂಪಿಯರ್‌ನ ದಪ್ಪ ಸಾಕೆಟ್‌ಗೆ ಸರಿಯಾದ ವೈರು ಎಳೆಸಿ.

ಇನ್ನೊಂದು, ಇದು ಜೀವದ ವಿಷಯ. ಕೋಡು ಬಂದ ಹೊತ್ತಿಗೇ ನಿಮ್ಮ ಮನೆಯ ಬಲ್ಬ್ ವಿಪರೀತ ಬೆಳಗಿ ಪಕ್ಕದ ಮನೆಯದು ಮಂಕಾದರೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಿರಬಹುದು. ಆಗ 230 ಬರಬೇಕಾದಲ್ಲಿ 300, 350 ವೋಲ್ಟ್ ಕೂಡ ಬರುತ್ತದೆ. ತಕ್ಷಣ ಮೇನ್ ಸ್ವಿಚ್ ಇಳಿಸಿ ಕರೆಂಟು ದೂರಿನ ನಂಬರು 1912ಕ್ಕೆ ಫೋನ್ ಮಾಡಿ. ಇಂಥ ಹೊತ್ತಲ್ಲಿ ಟಿವಿ, ಫ್ರಿಜ್ ಸುಡುತ್ತವೆ. ಸ್ಟವ್ ಮೊದಲೇ ಎಚ್ಚರಿಕೆ ಕೊಟ್ಟಿರುತ್ತದೆ, ಆದರೆ ಅದು ಕೊಟ್ಟಿದ್ದು ಓದಲು ಬಾರದ ಒಂದು ನಂಬರು.

ಕಾರುಗಳಲ್ಲಿ ಈ ಗೋಳಿಲ್ಲ. ಪಿ0300 ಅಂತ ಕೋಡು ಬಂದರೆ ಯಾವ ಕಂಪನಿಯ ಕಾರೇ ಆಗಲಿ ಎಂಜಿನ್ ಮಿಸ್‌ಫೈರ್ ಅಂತಲೇ ಅರ್ಥ. ಊರಿನ ಗ್ಯಾರೇಜಿನ ಹುಡುಗ ಸ್ಕ್ಯಾನರ್ ಚುಚ್ಚಿ ಹೇಳುತ್ತಾನೆ. ಹೀಗೆ ಇರಬೇಕು ಅಂತ ನಿಯಮ ಮಾಡಿದ್ದಕ್ಕೆ ಆಯಿತು, ಕಂಪನಿಗಳು ಪ್ರೀತಿಯಿಂದ ಮಾಡಿದ್ದಲ್ಲ. ಅಡುಗೆ ಮನೆಯ ಸ್ಟವ್‌ಗೆ ಬೇಕಿರುವುದು ಆರೇಳು ಕೋಡು ಅಷ್ಟೇ: ಪಾತ್ರೆ ಇಲ್ಲ, ವೋಲ್ಟೇಜ್ ಕಡಿಮೆ, ವೋಲ್ಟೇಜ್ ಜಾಸ್ತಿ, ಗಾಜು ಬಿಸಿ, ಒಳಗೆ ಬಿಸಿ, ಸೆನ್ಸರ್, ಫ್ಯಾನ್. ಇಷ್ಟನ್ನು ಬಿಐಎಸ್ ಮಾನದಂಡದಲ್ಲಿ ಒಂದು ಪುಟ ಬರೆದರೆ ಮುಗಿಯಿತು.

ಕೇಂದ್ರದ ಗ್ರಾಹಕ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಅಂತ ಪೋರ್ಟಲ್ ಶುರು ಮಾಡಿದೆ, ಮನೆ ಬಳಕೆ ವಸ್ತುಗಳೂ ಅದರಲ್ಲಿ ಸೇರಿವೆ. ಕೋಡುಗಳ ಪಟ್ಟಿ, ಸ್ಪೇರ್ ಪಾರ್ಟ್‌ನ ಬೆಲೆ ಎರಡನ್ನೂ ಅಲ್ಲಿ ಕನ್ನಡದಲ್ಲೂ ಹಾಕುವಂತೆ ಕಂಪನಿಗಳಿಗೆ ಹೇಳಲಿ. ಗ್ಯಾಸ್ ಉಳಿಸಿ, ಕರೆಂಟಿನ ಸ್ಟವ್ ಬಳಸಿ ಅಂತ ಸರ್ಕಾರವೇ ಹೇಳುತ್ತಿರುವ ಕಾಲ ಇದು. ಅದನ್ನು ನಂಬಿ ಕೊಂಡವರು ಒಂದು ನಂಬರಿನ ಅರ್ಥ ತಿಳಿಯಲು ಬಸ್ ಹತ್ತುವ ಹಾಗಾಗಬಾರದು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೇಳಿಕೆ. ದಯವಿಟ್ಟು ಸ್ಟವ್ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಕೂತಿರಬಹುದು, ಶಾಕ್ ಹೊಡೆದರೆ ಸುಮ್ನೆ ಬಿಡುವುದಿಲ್ಲ. ಕೋಡು ಬಂದಾಗ ಮೊಬೈಲ್‌ನಲ್ಲಿ ಅದರ ಫೋಟೋ ತೆಗೆಯಿರಿ, ಎಷ್ಟು ಹೊತ್ತಿಗೆ ಬಂತು, ಪಂಪ್‌ಸೆಟ್ ಓಡುತ್ತಿತ್ತಾ, ಮೇಲೆ ಯಾವ ಪಾತ್ರೆ ಇತ್ತು ಅಂತ ಗಮನಿಸಿ. ಪಕ್ಕದ ಮನೆಯ ಪ್ಲಗ್‌ನಲ್ಲೂ ಒಂದು ಸಲ ಹಾಕಿ ನೋಡಿ, ಆದರೆ ಅವರದು ಬೇರೆ ಫೇಸ್ ಆಗಿರಬೇಕು, ಇಲ್ಲದಿದ್ದರೆ ಅಲ್ಲೂ ಅದೇ ಕೋಡು ಬರುತ್ತದೆ. ಇಷ್ಟು ಹೇಳಿದರೆ ನಮ್ಮಂಥವರು ಸ್ಟವ್ ಬಿಚ್ಚುವ ಮೊದಲೇ ಅರ್ಧ ಉತ್ತರ ಹೇಳುತ್ತೇವೆ.

ಇಂತಿ,
ಒಬ್ಬ ಸ್ಟವ್ ರಿಪೇರಿಯವ, ತಿಪಟೂರು