ಹೆಸರು ಹೇಳದೆ ಹೋದ ಆ ಮೆಕ್ಯಾನಿಕ್‌ಗೆ

ಹಳ್ಳ ದಾಟಿದ ಮೇಲೆ ನನ್ನ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಸ್ಟಾರ್ಟೇ ಆಗಲಿಲ್ಲ. ಬಟನ್ ಒತ್ತಿದರೆ ಡಿಸ್‌ಪ್ಲೇ ಮಂಕಾಗುತ್ತಿತ್ತು, ಅಷ್ಟೇ. ಆಗ ನೆರವಿಗೆ ಬಂದವರು ನೀವು.

ಸುಮ್ನೆ ಸ್ಟಾರ್ಟರ್ ಒತ್ತುತ್ತಾ ಇರಬೇಡಿ ಅಂದಿರಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್‌ಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಗ್ಗಬಹುದಲ್ವಾ! ಏರ್ ಫಿಲ್ಟರ್ ಒಣಗಿತ್ತು, ಆಯಿಲ್ ಬೆಳ್ಳಗಾಗಿರಲಿಲ್ಲ, ಅಂದರೆ ಎಂಜಿನ್ನಿಗೆ ನೀರು ಹೋದ ಗುರುತಿರಲಿಲ್ಲ. ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ಚಾರ್ಜ್ ಚೆನ್ನಾಗಿಯೇ ಇತ್ತು. ಅಲ್ಲಿಗೆ ಬಿಡದೆ ಒಂದೊಂದೇ ಕನೆಕ್ಟರ್ ಬಿಚ್ಚಿ ನೋಡಿದಿರಿ. ಎಂಥ ತಾಳ್ಮೆ ನಿಮ್ಮದು! ಕೊನೆಗೆ ಸಿಕ್ಕಿದ್ದು ಫ್ರೇಮಿಗೆ ಕೂರುವ ಅರ್ತ್ ವೈರು. ಹಿಂದೆಂದೋ ಸೇರಿದ ನೀರಿನಿಂದ ಅದರ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಬ್ಯಾಟರಿ ಚೆನ್ನಾಗಿದ್ದರೂ ಸ್ಟಾರ್ಟರಿಗೆ ಬೇಕಾದಷ್ಟು ಕರೆಂಟ್ ಹರಿಯುತ್ತಿರಲಿಲ್ಲ.

ಉಜ್ಜಿ, ಒಣಗಿಸಿ, ಬಿಗಿ ಮಾಡಿ, ಮೇಲೆ ನೀರು ತಾಗದಂತೆ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದಿರಿ. ಗಾಡಿ ಶುರುವಾಯಿತು. ಕಾರಣವನ್ನೂ ಬಿಡಿಸಿ ಹೇಳಿದಿರಲ್ಲ, ಅದಕ್ಕೆ ಇನ್ನೂ ಜಾಸ್ತಿ ಥ್ಯಾಂಕ್ಸ್.