ಬಸ್ಸಿನಲ್ಲಿ ಗಡಿ ದಾಟುವ ಪುಟ್ಟಿಗೆ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ವಿಮಾನದಲ್ಲಿ ವಿಯೆಟ್ನಾಂನ ಸೈಗಾನ್ (ಈಗಿನ ಹೋ ಚಿ ಮಿನ್ ಸಿಟಿ), ಅಲ್ಲಿಂದ ಬಸ್ಸಿನಲ್ಲಿ ಕಾಂಬೋಡಿಯಾದ ನಾಮ್ ಪೆನ್, ಅಂಕೋರ್ ದೇವಾಲಯಗಳನ್ನು ನೋಡಿಕೊಂಡು ಮತ್ತೆ ಬಸ್ಸಿನಲ್ಲೇ ಸೈಗಾನ್, ಆಮೇಲೆ ಊರು. ದಾರಿಯೇನೋ ಚೆನ್ನಾಗಿದೆ. ಆದರೆ ವೀಸಾದ ಮುಂದೆ 'ವಿಯೆಟ್ನಾಂ 90 ದಿನ, ಸಾಕು' ಅಂತ ಬರೆದಿದ್ದೀಯಲ್ಲ, ಎಡವಟ್ಟಾಗುವುದು ಅಲ್ಲೇ. ಒಂದೇ ಸಲ ಒಳಗೆ ಬಿಡುವ ಸಿಂಗಲ್ ಎಂಟ್ರಿ ವೀಸಾದಲ್ಲಿ 90 ದಿನ ಅಂತ ಅಚ್ಚಾಗಿದ್ದರೂ ಮೂರನೆಯ ದಿನ ನೀನು ಗಡಿ ದಾಟಿದೆಯೋ, ಉಳಿದ 87 ದಿನ ಅಲ್ಲಿಗೇ ಮುಗಿದವು. ವಾಪಸ್ ಬರುವಾಗ ನಿನ್ನ ಕೈಯಲ್ಲಿರುವುದು ಬರೀ ಕಾಗದ. ಅದಕ್ಕೇ ಎಷ್ಟು ದಿನ ಇರುತ್ತೀಯ ಅಂತ ಎಣಿಸುವ ಮೊದಲು ಎಷ್ಟು ಸಲ ಒಳಗೆ ಬರುತ್ತೀಯ ಅಂತ ಎಣಿಸು. ನಿನ್ನ ಪಟ್ಟಿಯ ಪ್ರಕಾರ ವಿಯೆಟ್ನಾಂಗೆ ಎರಡು ಸಲ, ಕಾಂಬೋಡಿಯಾಕ್ಕೆ ಒಂದು ಸಲ.

2023ರ ಆಗಸ್ಟ್ 15ರಿಂದ ವಿಯೆಟ್ನಾಂ ಇ-ವೀಸಾದಲ್ಲಿ ಮಲ್ಟಿಪಲ್ ಎಂಟ್ರಿಯೂ ಸಿಗುತ್ತಿದೆ. ಸಿಂಗಲ್‌ಗೆ 25 ಡಾಲರ್, ಮಲ್ಟಿಪಲ್‌ಗೆ 50. ಆ 25 ಡಾಲರ್ ಉಳಿಸಲು ಹೋಗಬೇಡ. ನಿಜವಾಗಿ ಉಳಿಸಬೇಕು ಅಂತಿದ್ದರೆ ಬೇರೆ ದಾರಿ ಇದೆ: ಹೋಗುವ ವಿಮಾನ ಸೈಗಾನ್‌ಗೆ, ಬರುವ ವಿಮಾನ ನಾಮ್ ಪೆನ್‌ನಿಂದ ಮಾಡಿಕೊ. ಆಗ ಸಿಂಗಲ್ ಸಾಕು, ಒಂದಿಡೀ ದಿನದ ಬಸ್ ಪ್ರಯಾಣವೂ ತಪ್ಪುತ್ತದೆ. ಟಿಕೆಟ್ ಇನ್ನೂ ತೆಗೆದಿಲ್ಲವಾದರೆ ನಾನು ಹೇಳುವುದು ಇದನ್ನೇ.

ಅರ್ಜಿಯನ್ನು ಸರ್ಕಾರಿ ತಾಣದಲ್ಲೇ ಹಾಕು. ವಿಯೆಟ್ನಾಂನದು 'ಗವ್ ಡಾಟ್ ವಿಎನ್' ಅಂತಲೂ ಕಾಂಬೋಡಿಯಾದ್ದು 'ಗವ್ ಡಾಟ್ ಕೆಎಚ್' ಅಂತಲೂ ಕೊನೆಯಾಗುತ್ತದೆ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ತಾಣಗಳು ನೋಡಲು ಸರ್ಕಾರಿ ತಾಣದಂತೆಯೇ ಇದ್ದು, ಅದೇ ಕೆಲಸಕ್ಕೆ ಎರಡು ಮೂರು ಪಟ್ಟು ಕೀಳುತ್ತವೆ. ಹೆಸರನ್ನು ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತು ತುಂಬಿದ ಎರಡು ಸಾಲುಗಳಿವೆಯಲ್ಲ, ಅದನ್ನು ನೋಡಿ ತುಂಬು. ನಮ್ಮ ಕಡೆ ಅನೇಕರಿಗೆ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಇನಿಷಿಯಲ್ಲನ್ನೋ ಅಪ್ಪನ ಹೆಸರನ್ನೋ ಅಂದಾಜಿನಲ್ಲಿ ಸೇರಿಸಿದರೆ ಗಡಿಯಲ್ಲಿ ಹೆಸರು ತಾಳೆಯಾಗುವುದಿಲ್ಲ. ಪಾಸ್‌ಪೋರ್ಟ್ ನಂಬರು ಒಂದು ಅಕ್ಷರ, ಏಳು ಅಂಕಿ. ಅಂಕಿಗಳ ನಡುವೆ ಸೊನ್ನೆ ಬಂದಲ್ಲಿ 'ಓ' ಒತ್ತಿದರೂ ಕಂಪ್ಯೂಟರ್ ಸುಮ್ಮನೆ ತೆಗೆದುಕೊಂಡುಬಿಡುತ್ತದೆ. ತಪ್ಪಾದರೆ ಹೊಸ ಅರ್ಜಿ, ಹೊಸ ಶುಲ್ಕ. ಕಟ್ಟಿದ ಹಣ ವಾಪಸ್ ಬರುವುದಿಲ್ಲ.

ವಿಯೆಟ್ನಾಂ ವೀಸಾ ಬರಲು ಮೂರು ಕೆಲಸದ ದಿನ ಅಂತ ಹೇಳುತ್ತಾರೆ. ಶನಿವಾರ, ಭಾನುವಾರ, ಅವರ ಹಬ್ಬ ಅದರಲ್ಲಿ ಸೇರುವುದಿಲ್ಲ. ಅವರ ಹೊಸ ವರ್ಷ ತೆತ್ ಬಂದರಂತೂ ಕಚೇರಿಗಳು ವಾರದಷ್ಟು ಮುಚ್ಚುತ್ತವೆ. ಹೊರಡುವ ಎರಡು ಮೂರು ವಾರ ಮೊದಲೇ ಹಾಕಿಬಿಡು. ವೀಸಾ ಕೈಗೆ ಬಂದ ಕೂಡಲೇ ಪ್ರವೇಶದ ಸಾಲಿನಲ್ಲಿ ಮಲ್ಟಿಪಲ್ ಅಂತಲೇ ಇದೆಯಾ, ತಾರೀಖು ಸರಿ ಇದೆಯಾ ನೋಡು. ಅಲ್ಲಿ ದಿನ ಮೊದಲು, ತಿಂಗಳು ಆಮೇಲೆ, ನಮ್ಮ ಹಾಗೇ.

ಇ-ವೀಸಾ ಎಲ್ಲ ಗಡಿಯಲ್ಲೂ ನಡೆಯುವುದಿಲ್ಲ. ಒಪ್ಪುವ ದ್ವಾರಗಳದೊಂದು ಪಟ್ಟಿ ಇದೆ. ನಿನ್ನ ಬಸ್ ಹೋಗುವ ಮೊಕ್ ಬಾಯ್ ವಿಯೆಟ್ನಾಂ ಪಟ್ಟಿಯಲ್ಲಿದೆ, ಎದುರಿನ ಬಾವೆಟ್ ಕಾಂಬೋಡಿಯಾ ಪಟ್ಟಿಯಲ್ಲಿದೆ. ಯಾರೋ ಹೇಳಿದರು ಅಂತ ಮೆಕಾಂಗ್ ದೋಣಿಯಲ್ಲೋ ಇನ್ನೊಂದು ಸಣ್ಣ ದ್ವಾರದಲ್ಲೋ ಹೋಗುವ ಮನಸ್ಸಾದರೆ ಎರಡೂ ದೇಶದ ಪಟ್ಟಿ ನೋಡು. ಒಂದು ದಡದಲ್ಲಿ ನಡೆಯುವ ಇ-ವೀಸಾ ಎದುರು ದಡದಲ್ಲಿ ನಡೆಯದೇ ಇರಬಹುದು. ಕಾಂಬೋಡಿಯಾದ ಗಡಿಯೂರು ಪೊಯ್‌ಪೆಟ್ ದಾಟಿ ಥಾಯ್ಲೆಂಡ್ ಕಡೆ ಹೋಗುವ ಮಾತಂತೂ ಬೇಡವೇ ಬೇಡ. 2025ರ ಜುಲೈನಲ್ಲಿ ಆ ಎರಡು ದೇಶಗಳ ನಡುವೆ ಗುಂಡು ಹಾರಿದ ಗಡಿ ಅದು.

ಕಾಂಬೋಡಿಯಾದ ವೀಸಾ ಗಡಿಯಲ್ಲೇ ಸಿಗುತ್ತದೆ. 30 ಡಾಲರ್, ಒಂದು ಫೋಟೋ, 30 ದಿನ, ಒಂದೇ ಪ್ರವೇಶ. ಆದರೂ ನೀನು ಇ-ವೀಸಾ ಮಾಡಿಸಿಕೊಂಡು ಹೋಗು, ಯಾಕೆಂದರೆ ಗಡಿಯಲ್ಲಿ ದುಡ್ಡಿನ ಮಾತು ಶುರುವಾಗುವುದೇ ವೀಸಾ ಇಲ್ಲದವರ ಹತ್ತಿರ. ಬಸ್ಸಿನ ಹುಡುಗ ಎಲ್ಲರ ಪಾಸ್‌ಪೋರ್ಟನ್ನೂ ಒಟ್ಟು ಮಾಡುತ್ತಾನೆ, ಜತೆಗೆ ವೀಸಾ ಹಣವನ್ನೂ. 30ರ ಬದಲು 35, 40 ಕೇಳುವುದು ಮಾಮೂಲು. ಪಾಸ್‌ಪೋರ್ಟ್ ಕೊಡುವುದರಲ್ಲಿ ಗಾಬರಿಯಿಲ್ಲ, ಅಲ್ಲಿನ ರೂಢಿಯೇ ಅದು. 'ನನ್ನದು ಇ-ವೀಸಾ' ಅಂತ ಪ್ರಿಂಟ್ ತೋರಿಸು. ಎರಡು ಪ್ರತಿ ಇಟ್ಟುಕೊ, ಒಳಗೆ ಹೋಗುವಾಗ ಒಂದು, ಹೊರಡುವಾಗ ಒಂದು. ಮೊಬೈಲಿನಲ್ಲಿದೆ ಅಂತ ನೆಚ್ಚಿಕೊಂಡು ಕೂರಬೇಡ. ವಿಯೆಟ್ನಾಂ ಸಿಮ್ ಗಡಿ ದಾಟಿದ ಕೂಡಲೇ ಸತ್ತುಹೋಗುತ್ತದೆ.

ಗಡಿಯಲ್ಲಿ ನಡೆಯುವುದು ಹೀಗೆ. ಸೈಗಾನ್‌ನಿಂದ ಸುಮಾರು 70 ಕಿಲೋಮೀಟರಿಗೆ ಮೊಕ್ ಬಾಯ್. ಬಸ್ಸಿನಿಂದ ಚೀಲ ಸಮೇತ ಇಳಿ, ಹೊರಹೋಗುವ ಮೊಹರು ಬೀಳುತ್ತದೆ, ಮತ್ತೆ ಬಸ್ ಹತ್ತಿ ಸ್ವಲ್ಪ ದೂರ, ಬಾವೆಟ್‌ನಲ್ಲಿ ಬೆರಳಚ್ಚು ತೆಗೆದು ಪ್ರವೇಶದ ಮೊಹರು. ಎರಡು ಮೊಹರಿನ ನಡುವೆ ನೀನು ಯಾವ ದೇಶದಲ್ಲೂ ಇರುವುದಿಲ್ಲ, ಅಲ್ಲಿ ಏನಾದರೂ ಮರೆತಿದ್ದು ನೆನಪಾದರೆ ಪ್ರಯೋಜನವಿಲ್ಲ. ಪಾಸ್‌ಪೋರ್ಟ್ ಕಂತೆಯಾಗಿ ವಾಪಸ್ ಬರುತ್ತದೆ. ಸೀಟಿಗೆ ಹೋಗುವ ಮೊದಲು ಅದು ನಿನ್ನದೇನಾ, ಎರಡೂ ಮೊಹರು ಬಿದ್ದಿವೆಯಾ, ತಾರೀಖು ಇವತ್ತಿನದೇನಾ ನೋಡು. ಬಸ್ ಹೊರಟ ಮೇಲೆ ಗೊತ್ತಾದ ಮೊಹರಿನ ತಪ್ಪಿಗೆ ವಾಪಸ್ ಹೋಗುವಾಗ ನೀನೇ ಉತ್ತರ ಹೇಳಬೇಕು. ಕಾಂಬೋಡಿಯಾದಲ್ಲಿ ಅವಧಿ ಮೀರಿ ಉಳಿದರೆ ದಿನಕ್ಕೆ 10 ಡಾಲರ್ ದಂಡ.

ಹಗಲು ಬಸ್ ಹಿಡಿ. ರಾತ್ರಿ ಬಸ್ ಹೇಗಿದ್ದರೂ ಬೆಳಗ್ಗೆ ಗಡಿ ತೆರೆಯುವ ತನಕ ಗೇಟಿನ ಮುಂದೆ ನಿಂತಿರುತ್ತದೆ, ನಿದ್ದೆಯೂ ಇಲ್ಲ, ಸಮಯವೂ ಉಳಿಯಲಿಲ್ಲ. ಹಗಲಲ್ಲಿ ಒಟ್ಟು ಆರೇಳು ಗಂಟೆ. ವಾಪಸ್ ಬರುವ ದಿನವೇ ವಿಮಾನ ಇಟ್ಟುಕೊಳ್ಳಬೇಡ, ಸೈಗಾನ್‌ನಲ್ಲಿ ಒಂದು ರಾತ್ರಿ ಕಳೆ.

ದುಡ್ಡಿನ ವಿಷಯ. ಕಾಂಬೋಡಿಯಾದಲ್ಲಿ ಡಾಲರ್ ಎಲ್ಲೆಡೆ ನಡೆಯುತ್ತದೆ, ಚಿಲ್ಲರೆ ಮಾತ್ರ ರಿಯೆಲ್‌ನಲ್ಲಿ ಕೊಡುತ್ತಾರೆ, ಡಾಲರಿಗೆ ಸುಮಾರು ನಾಲ್ಕು ಸಾವಿರ. ಅಂಚು ಒಂದಿಷ್ಟು ಹರಿದ, ಶಾಯಿ ತಾಗಿದ ನೋಟನ್ನು ಮುಟ್ಟುವುದೂ ಇಲ್ಲ. ಇಲ್ಲಿ ಕೊಳ್ಳುವಾಗಲೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ ತೆಗೆದುಕೊ. ಒಂದರ, ಐದರ ನೋಟುಗಳನ್ನೇ ಹೆಚ್ಚು ಕೇಳು. ಕಾರ್ಡಿಗೆ ವಿದೇಶದ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿಟ್ಟುಕೊ.

ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಹೆಚ್ಚಿರಲಿ, ಖಾಲಿ ಪುಟ ನಾಲ್ಕಾದರೂ ಇರಲಿ. ನಿನ್ನ ಜತೆ ಬರುವ ಗೆಳತಿ ಇ-ಸಿಗರೇಟ್ ಸೇದುವವಳಾದರೆ ಅದನ್ನು ಮನೆಯಲ್ಲೇ ಬಿಟ್ಟು ಬರಲಿ; ಎರಡೂ ದೇಶದಲ್ಲಿ ನಿಷೇಧ.

ಇನ್ನೊಂದು, ನಮ್ಮ ವಿಮಾನ ನಿಲ್ದಾಣದಲ್ಲಿ ಕಾಂಬೋಡಿಯಾ ಅಂದ ಕೂಡಲೇ ಇಮಿಗ್ರೇಷನ್‌ನವರು ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳಬಹುದು. ಡೇಟಾ ಎಂಟ್ರಿ ಕೆಲಸ ಅಂತ ಕರೆಸಿಕೊಂಡು ಹುಡುಗರನ್ನು ಸೈಬರ್ ವಂಚನೆಗೆ ದೂಡಿದ ಪ್ರಕರಣಗಳು ಅಷ್ಟಿವೆ. ಸಿಡುಕಬೇಡ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಆಫೀಸಿನ ರಜೆ ಪತ್ರ ಮೂರನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊ.

ವೀಸಾ ಅರ್ಜಿ ತುಂಬಿದ ಮೇಲೆ, ಹಣ ಕಟ್ಟುವ ಮೊದಲು, ಸ್ಕ್ರೀನ್‌ಶಾಟ್ ಮತ್ತು ಪಾಸ್‌ಪೋರ್ಟಿನ ಫೋಟೋ ಪುಟ ಎರಡನ್ನೂ ನನಗೆ ಕಳಿಸು. ಹೆಸರು, ನಂಬರು ತಾಳೆ ನೋಡಿ ಅವತ್ತೇ ಹೇಳುತ್ತೇನೆ.

ಇಂತಿ,
ನಿನ್ನ ಮಾವ