ನೈಟ್ರೋಜನ್ ಹೆಸರಿನಲ್ಲಿ ಹಣ ಪಡೆದು ಮಾಡಿದ ಅರೆಬರೆ ಕೆಲಸದ ಬಗ್ಗೆ ದೂರು

ಮಾನ್ಯ ವ್ಯವಸ್ಥಾಪಕರೇ,

ಫೋನಿನಲ್ಲಿ ಸಮಾಧಾನದಿಂದಲೇ ಹೇಳಿ ನೋಡಿದೆ. ‘ಟೆಕ್ನಿಷಿಯನ್ ವಾಪಸ್ ಕಾಲ್ ಮಾಡ್ತಾರೆ’ ಎನ್ನುವುದು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ. ಹಾಗಾಗಿ ಈ ಪತ್ರ.

ನಿಮ್ಮಲ್ಲಿ ಕಾರಿನ ನಾಲ್ಕೂ ಟೈರಿಗೆ ನೈಟ್ರೋಜನ್ ಹಾಕಿಸಿದೆ. ಹಳೆ ಗಾಳಿ ಪೂರ್ತಿ ಬಿಟ್ಟು ತುಂಬಬೇಕೆಂಬ ನಿಯಮ ನಿಮ್ಮ ಗೋಡೆಯ ಬೋರ್ಡಿನಲ್ಲೇ ಇದೆ. ನಿಮ್ಮ ಹುಡುಗ ಇದ್ದ ಗಾಳಿಯ ಮೇಲೆಯೇ ಒಂದಿಷ್ಟು ಸೇರಿಸಿ, ಹಸಿರು ಮುಚ್ಚಳ ತಿರುಗಿಸಿ ಬಿಲ್ ಕೊಟ್ಟ. ಮಾಮೂಲು ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ಹಾಗಾದರೆ ನಾನು ದುಡ್ಡು ಕೊಟ್ಟದ್ದು ಮುಚ್ಚಳಕ್ಕೋ?

ಮರುದಿನ ಬೆಳಿಗ್ಗೆ ಟೈರು ತಣ್ಣಗಿದ್ದಾಗ ಗಾಳಿಯ ಒತ್ತಡವನ್ನು ನನ್ನ ಗೇಜಿನಲ್ಲಿ ಅಳೆದು ನೋಡಿದೆ. ತಣ್ಣಗಿರುವ ಟೈರಿನ ಒತ್ತಡ 33 ಪಿಎಸ್‌ಐ (ಒತ್ತಡದ ಅಳತೆ) ಇರಬೇಕು ಎಂದು ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿದೆ. ಮೂರು ಟೈರುಗಳಲ್ಲಿ 30, ಹಿಂದಿನ ಎಡಗಡೆಯದರಲ್ಲಿ 26. ಅದರ ವಾಲ್ವಿಗೆ ಸೋಪುನೀರು ಹಚ್ಚಿದರೆ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.

ಅದನ್ನು ತೋರಿಸಲು ಬಂದಾಗ ನಿಮ್ಮ ಸೂಪರ್‌ವೈಸರ್ ಕುರ್ಚಿಯಿಂದ ಏಳಲಿಲ್ಲ. ‘ನಿಮ್ಮ ಗೇಜೇ ಸರಿ ಇಲ್ಲ ಸಾರ್’ ಎಂದರು. ನಿಮ್ಮ ಗೇಜಿನಲ್ಲೇ ನೋಡಿ ಎಂದೆ. ‘ನೈಟ್ರೋಜನ್ ಹಾಕಿದ ಮೇಲೆ ಆರು ತಿಂಗಳು ನೋಡೋ ಹಾಗೇ ಇಲ್ಲ’ ಎಂದರು. ಸೋಪಿನ ಗುಳ್ಳೆಯ ವಿಷಯ ಹೇಳಿದೆ. ಕಾಯುತ್ತಿದ್ದ ಗಿರಾಕಿಗಳ ಕಡೆ ತಿರುಗಿ, ‘ಇವರು ಮನೇಲಿ ಟೈರಿಗೆ ಸ್ನಾನ ಮಾಡಿಸ್ತಾರಂತೆ’ ಎಂದು ನಕ್ಕರು. ಅವರೂ ನಕ್ಕರು. ಬಿಲ್ಲು ಹಿಡಿದು ನಿಂತವನ ಮುಂದೆಯೇ ಮುಂದಿನ ಕಾರನ್ನು ಒಳಗೆ ಕರೆದರು.

ಓಡಿ ಬಂದ ಬಿಸಿ ಟೈರಿಗೆ 33ರ ಲೆಕ್ಕದಲ್ಲಿ ತುಂಬಿದರೆ ತಣ್ಣಗಾದಾಗ ಇಳಿಯದೆ ಇನ್ನೇನಾಗುತ್ತದೆ? ಹತ್ತು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪಿಎಸ್‌ಐ ಏರಿಳಿತ ನೈಟ್ರೋಜನ್‌ಗೂ ತಪ್ಪಿದ್ದಲ್ಲ. ಅದು ರಬ್ಬರಿನ ಮೂಲಕ ಗಾಳಿಗಿಂತ ನಿಧಾನವಾಗಿ ಸೋರುತ್ತದೆ, ತೇವ ಇರುವುದಿಲ್ಲ, ಒಪ್ಪುತ್ತೇನೆ, ಅದಕ್ಕೇ ಹಾಕಿಸಿದ್ದು. ಆದರೆ ಗಾಳಿಯನ್ನು ಒಳಗೆ ಹಿಡಿದಿಡುವ ವಾಲ್ವ್ ಪಿನ್ ಸೋರಿದರೆ ಯಾವ ಅನಿಲವೂ ನಿಲ್ಲುವುದಿಲ್ಲ. ಆರು ತಿಂಗಳು ನೋಡಬೇಡಿ ಎಂಬ ಮಾತು ನಂಬಿ 26ರಲ್ಲೇ ಹೆದ್ದಾರಿಗೆ ಇಳಿದಿದ್ದರೆ ಟೈರು ಕಾದು ಸಿಡಿಯಬಹುದಿತ್ತು. ಕಾರಿನಲ್ಲಿ ನನ್ನ ಮಕ್ಕಳು ಕೂರುತ್ತಾರೆ.

ಪಿನ್ ಬದಲಿಸಿ, ನಾಲ್ಕೂ ಟೈರು ಖಾಲಿ ಮಾಡಿ, ತಣ್ಣಗಿರುವಾಗ ನನ್ನೆದುರೇ ತುಂಬಿಸಬೇಕು. ಇಲ್ಲವೇ ಹಣ ವಾಪಸ್ ಕೊಡಬೇಕು. ಒಂದು ವಾರ ಕಾಯುತ್ತೇನೆ. ಆಮೇಲೆ ಬಿಲ್ಲು, ಗೇಜಿನ ಫೋಟೊ, ಗುಳ್ಳೆಯ ವಿಡಿಯೊ ಮೂರೂ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತವೆ. ಆಗ ರಾಜಿಗೆಂದು ಫೋನ್ ಮಾಡಿದರೆ ನಾನು ಎತ್ತುವುದಿಲ್ಲ.

ಇತಿ,
ನಿಮ್ಮ ಗ್ರಾಹಕ